ಹಳೆಯ ಪೆನ್ನನ್ನು ಓದುವ ಬಗೆ



ನಿಮ್ಮ ಮನೆಯ ಬೀರುವಿನಲ್ಲೋ ಅಟ್ಟದ ಟ್ರಂಕಿನಲ್ಲೋ ಒಂದು ಹಳೆಯ ಫೌಂಟನ್ ಪೆನ್ನು ಇರಬಹುದು. ಅಜ್ಜನದಿರಬಹುದು, ಮೇಷ್ಟರಾಗಿದ್ದ ದೊಡ್ಡಪ್ಪನದಿರಬಹುದು. ಇಂಕು ಒಣಗಿ ಕಲ್ಲಾಗಿದೆ. ಮುಚ್ಚಳ ತಿರುಗುವುದಿಲ್ಲ. ಇಂಥ ಪೆನ್ನು ಸಿಕ್ಕಿದ ಕೂಡಲೇ ನಾವು ಏನು ಮಾಡುತ್ತೇವೆ? ಬಿಸಿನೀರಿನಲ್ಲಿ ನೆನೆಹಾಕುತ್ತೇವೆ. ಪಾಲಿಶ್ ಹಚ್ಚಿ ಫಳಫಳ ಹೊಳೆಯುವ ತನಕ ಉಜ್ಜುತ್ತೇವೆ. ಇವತ್ತಿನ ಈ ಸ್ವಲ್ಪ ಹೊತ್ತಿನಲ್ಲಿ ನಾನು ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ತೊಳೆಯುವ ಮೊದಲು ಅದನ್ನು ಓದಿ.

ಯಾವ ಊರಿನಲ್ಲಿ ತಯಾರಾಯಿತು, ಯಾರು ತಯಾರಿಸಿದರು, ಸುಮಾರು ಯಾವ ಕಾಲದ್ದು ಎಂಬುದೆಲ್ಲ ಪೆನ್ನಿನ ಮೈಮೇಲೆಯೇ ಇರುತ್ತದೆ. ಆದರೆ ಆ ಅಚ್ಚಿನ ಆಳ ಕೂದಲೆಳೆಯಷ್ಟು. ಎಷ್ಟೋ ವರ್ಷ ಜೇಬಿನಲ್ಲಿ ಉಜ್ಜಿ ಉಜ್ಜಿ ಅರ್ಧ ಸವೆದಿರುತ್ತದೆ. ಉಳಿದ ಅರ್ಧ ಅಳಿಸಿಹೋಗಲು ಒಂದು ಸಂಜೆಯ ಪಾಲಿಶ್ ಸಾಕು. ಒಮ್ಮೆ ಹೋದರೆ ಅದನ್ನು ಯಾರೂ ವಾಪಸು ತರಲಾರರು.

ಓದಲು ದುಬಾರಿ ಸಲಕರಣೆ ಬೇಡ. ಒಂದು ಭೂತಗನ್ನಡಿ, ಒಂದು ಟಾರ್ಚು. ಕೋಣೆಯ ದೀಪ ಆರಿಸಿ. ಪೆನ್ನನ್ನು ಮೇಜಿನ ಮೇಲೆ ಮಲಗಿಸಿ. ಟಾರ್ಚಿನ ಬೆಳಕು ಮೇಲಿನಿಂದ ಬೀಳಬಾರದು, ಪಕ್ಕದಿಂದ, ಮೇಜಿನ ಮಟ್ಟದಲ್ಲೇ ಬರಬೇಕು. ಈಗ ಪೆನ್ನನ್ನು ನಿಧಾನವಾಗಿ ಹೊರಳಿಸಿ. ಹಗಲು ಹೊತ್ತು ನುಣ್ಣಗೆ ಕಂಡ ಮೈಯಲ್ಲಿ ಸಣ್ಣ ಸಣ್ಣ ನೆರಳುಗಳು ಏಳುತ್ತವೆ. ಅವೇ ಅಕ್ಷರಗಳು. ಕಂಡದ್ದನ್ನು ಕಂಡ ಹಾಗೇ ಬರೆದಿಟ್ಟುಕೊಳ್ಳಿ. ಅರ್ಥವಾಗದ ಚುಕ್ಕಿ, ಗೀಟು, ಅಂಕಿ ಇದ್ದರೂ ಬಿಡಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಕೆಲವು ಪೆನ್ನುಗಳ ಮೇಲೆ 1884 ಎಂದು ಕಾಣುತ್ತದೆ. ಪೆನ್ನು 1884ರದ್ದು ಎಂದು ಹಿಗ್ಗಬೇಡಿ. ಅದು ಪೇಟೆಂಟಿನ ವರ್ಷ. ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ ಆ ವರ್ಷ ಒಂದು ಪೇಟೆಂಟ್ ಪಡೆದ. ನಿಬ್ಬಿನ ಅಡಿಯಲ್ಲಿ ಕಪ್ಪು ನಾಲಿಗೆಯಂಥ ಭಾಗ ಒಂದಿರುತ್ತದಲ್ಲ, ಅದರಲ್ಲಿ ಅವನು ಸಣ್ಣ ಸೀಳುಗಳನ್ನು ಕೊಯ್ದ. ಇಂಕು ಕೆಳಗಿಳಿದಷ್ಟೇ ಗಾಳಿ ಮೇಲೇರುವ ಹಾಗಾಯಿತು. ಗಾಳಿ ಒಳಗೆ ಹೋಗದಿದ್ದರೆ ಇಂಕು ಬರುವುದಿಲ್ಲ, ಒಮ್ಮೆಲೇ ಹೋದರೆ ಇಂಕು ಧೊಪ್ಪನೆ ಸುರಿಯುತ್ತದೆ. ಈ ಎರಡರ ನಡುವಿನ ಹದವೇ ಫೌಂಟನ್ ಪೆನ್ನಿನ ಇಡೀ ವಿದ್ಯೆ. ವಾಟರ್‌ಮನ್ ವಿಮಾ ಏಜೆಂಟನಾಗಿದ್ದ, ಕರಾರು ಪತ್ರದ ಮೇಲೆ ಇಂಕು ಚೆಲ್ಲಿ ಗಿರಾಕಿಯನ್ನು ಕಳೆದುಕೊಂಡ, ಆ ಸಿಟ್ಟಿನಲ್ಲಿ ಪೆನ್ನು ಕಂಡುಹಿಡಿದ ಎಂಬ ಕತೆ ನೀವು ಕೇಳಿರಬಹುದು. ಆ ಕಾಲದ ಯಾವ ದಾಖಲೆಯಲ್ಲೂ ಆ ಕತೆಗೆ ಆಧಾರ ಸಿಕ್ಕಿಲ್ಲ. ಆ ಸೀಳುಗಳು ಮಾತ್ರ ನಿಜ. 1884ರ ತಾರೀಖನ್ನು ಅವನ ಕಂಪನಿ ಮುಂದೆ ಎಷ್ಟೋ ವರ್ಷ ಪೆನ್ನಿನ ಮೇಲೆ ಒತ್ತುತ್ತಲೇ ಬಂತು. ಹಾಗಾಗಿ ಪೇಟೆಂಟಿನ ತಾರೀಖು ಹೇಳುವುದು ಇಷ್ಟೇ: ಈ ಪೆನ್ನು ಇದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ.

ಅಕ್ಷರ ಓದಿದ್ದಾಯಿತು. ಇನ್ನು ಮೈಯನ್ನು ಓದೋಣ. ಪೆನ್ನು ಯಾವ ವಸ್ತುವಿನದ್ದು?

ಇದಕ್ಕೆ ಕಣ್ಣಿಗಿಂತ ಮೂಗು ಉಪಕಾರಿ. ಪೆನ್ನಿನ ಮೈಯನ್ನು ಹೆಬ್ಬೆರಳಿನಿಂದ ಬಿಸಿಯಾಗುವ ತನಕ ಉಜ್ಜಿ, ತಕ್ಷಣ ಮೂಸಿ ನೋಡಿ. ಗಂಧಕದ ವಾಸನೆ, ಸುಟ್ಟ ರಬ್ಬರಿನ ವಾಸನೆ ಬಂದರೆ ಅದು ಎಬೊನೈಟು. ರಬ್ಬರಿಗೆ ಗಂಧಕ ಸೇರಿಸಿ ಬೇಯಿಸಿ ಗಟ್ಟಿ ಮಾಡಿದ ವಸ್ತು. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡು. ಅದನ್ನು ತಯಾರಿಸುವಾಗ ನಿಜವಾಗಿಯೂ ಕರ್ಪೂರ ಬೆರೆಸುತ್ತಾರೆ. ಸೂಜಿ ಕಾಯಿಸಿ ಚುಚ್ಚಿ ನೋಡಿ ಎಂದು ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೆಲ್ಯುಲಾಯ್ಡಿಗೆ ಬೆಂಕಿ ಬಹಳ ಬೇಗ ಹತ್ತುತ್ತದೆ.

ಮೂರನೆಯದು ಕೇಸೀನು. ಹಾಲಿನ ಪ್ರೋಟೀನಿನಿಂದ ಮಾಡಿದ್ದು. ಇಂಗ್ಲೆಂಡಿನ ಕಾನ್ವೇ ಸ್ಟೂವರ್ಟ್ ಕಂಪನಿ ಇದರಲ್ಲಿ ಬಹಳ ಚೆಲುವಾದ ಬಣ್ಣದ ಪೆನ್ನುಗಳನ್ನು ಮಾಡಿತು. ಆದರೆ ಕೇಸೀನು ನೀರು ಕುಡಿಯುತ್ತದೆ. ರಾತ್ರಿಯಿಡೀ ನೀರಿನಲ್ಲಿ ಬಿಟ್ಟರೆ ಉಬ್ಬುತ್ತದೆ, ಬಿರಿಯುತ್ತದೆ. ಎಬೊನೈಟಿಗೂ ನೀರು, ಬಿಸಿಲು ಆಗಿಬರುವುದಿಲ್ಲ. ಕಡುಗಪ್ಪು ಬಣ್ಣ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಕೆಲವೊಮ್ಮೆ ಹಸಿರು ಮಿಶ್ರಿತ ಕಂದಾಗುತ್ತದೆ. ತೊಳೆಯುವ ಮೊದಲು ಓದಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಯಾವ ವಸ್ತು ಎಂದು ತಿಳಿಯದೆ ನೀರಿಗೆ ಹಾಕಿದರೆ ಪೆನ್ನೇ ಹಾಳಾಗಬಹುದು.

ವಸ್ತು ಕಾಲವನ್ನೂ ಹೇಳುತ್ತದೆ. ಅಮೆರಿಕದಲ್ಲಿ ಶೀಫರ್ ಕಂಪನಿ 1924ರ ಸುಮಾರಿಗೆ ಸೆಲ್ಯುಲಾಯ್ಡಿಗೆ ಬಂತು. ಒಂದೆರಡು ವರ್ಷಗಳಲ್ಲಿ ಪಾರ್ಕರ್ ಕೂಡ ಅದೇ ದಾರಿ ಹಿಡಿಯಿತು. 1921ರಲ್ಲಿ ಬಂದ ಪಾರ್ಕರ್ ಡುಯೋಫೋಲ್ಡ್ ಎಂಬ ಪ್ರಸಿದ್ಧ ಪೆನ್ನನ್ನು ತೆಗೆದುಕೊಳ್ಳಿ. ಗಾತ್ರದಲ್ಲಿ ದೊಡ್ಡದು. ಮೈಯೆಲ್ಲ ಇಟ್ಟಿಗೆ ಕೆಂಪು, ಎರಡು ತುದಿ ಕಪ್ಪು. ಮೊದಮೊದಲು ಅದು ಎಬೊನೈಟಿನದು, ಆಮೇಲೆ ಸೆಲ್ಯುಲಾಯ್ಡಿನದು. ಆಕಾರ ಅದೇ, ಬಣ್ಣ ಹೆಚ್ಚುಕಡಿಮೆ ಅದೇ. ಮೂಗು ಮಾತ್ರ ಎರಡನ್ನೂ ಬೇರೆ ಮಾಡುತ್ತದೆ.

ಆದರೆ ಈ ಲೆಕ್ಕ ನಮ್ಮ ದೇಶದ ಪೆನ್ನಿಗೆ ಹೊಂದುವುದಿಲ್ಲ. ಅಮೆರಿಕ ಎಬೊನೈಟನ್ನು ಬಿಟ್ಟ ಮೇಲೂ ನಮ್ಮಲ್ಲಿ ಅದು ಉಳಿಯಿತು. ರಾಜಮಂಡ್ರಿಯಲ್ಲಿ ಇವತ್ತಿಗೂ ಎಬೊನೈಟ್ ಸರಳನ್ನು ಚರಕಿಗೆ ಕೊಟ್ಟು ಕೈಯಿಂದಲೇ ಪೆನ್ನು ಕಡೆಯುತ್ತಾರೆ. ಅಲ್ಲಿನ ರತ್ನಂ ಪೆನ್ನನ್ನು ಬಳಸಿ ನೋಡಿ ಗಾಂಧೀಜಿ 1935ರಲ್ಲಿ ಮೆಚ್ಚುಗೆಯ ಪತ್ರ ಬರೆದರು. ವಿದೇಶಿ ಪೆನ್ನಿನ ಜಾಗದಲ್ಲಿ ಸ್ವದೇಶಿ ಪೆನ್ನು ನಿಲ್ಲಬೇಕು ಎಂಬ ಹಂಬಲದಿಂದ ಹುಟ್ಟಿದ ಕಸುಬು ಅದು. ಮದರಾಸಿನ ಗಾಮಾ, ಮುಂಬಯಿಯ ವಿಲ್ಸನ್, ಹೈದರಾಬಾದಿನ ಡೆಕ್ಕನ್, ಹೀಗೆ ನಮ್ಮದೇ ಒಂದು ದೊಡ್ಡ ಪರಂಪರೆ ಇದೆ. ಸಂಗ್ರಹಕಾರರು ಪಾರ್ಕರ್, ಶೀಫರ್ ಹಿಂದೆ ಓಡುವ ಭರದಲ್ಲಿ ಇವನ್ನು ಕಡೆಗಣಿಸುತ್ತಾರೆ. ನನಗೆ ಅದು ದೊಡ್ಡ ನಷ್ಟ ಅನಿಸುತ್ತದೆ. ವಿದೇಶಿ ಪೆನ್ನುಗಳ ಮಾದರಿ, ಇಸವಿ, ಬಣ್ಣ ಎಲ್ಲವೂ ಗ್ರಂಥಗಳಲ್ಲಿ ದಾಖಲಾಗಿವೆ. ನಮ್ಮ ಪೆನ್ನುಗಳ ವಿವರ ಬಹುಪಾಲು ಇನ್ನೂ ಪೆನ್ನುಗಳ ಮೈಮೇಲೆಯೇ ಉಳಿದಿದೆ. ನಿಮ್ಮ ಮನೆಯ ಒಂದು ಪೆನ್ನನ್ನು ನೀವು ಸರಿಯಾಗಿ ಓದಿ ಬರೆದಿಟ್ಟರೆ ಅದೇ ಒಂದು ದಾಖಲೆ.

ಕೇಳುಗರೇ, ಅಕ್ಷರ ನೋಡಿದೆವು, ವಸ್ತು ನೋಡಿದೆವು. ಈಗ ಮೂರನೆಯ ಗುರುತಿಗೆ ಬರೋಣ. ಪೆನ್ನಿಗೆ ಇಂಕು ತುಂಬುವ ಬಗೆ.

ನನ್ನ ಪ್ರಕಾರ ಕಾಲ ಗುರುತಿಸಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಎಲ್ಲಕ್ಕಿಂತ ಹಳೆಯದು ಫಿಲ್ಲರಿನಿಂದ ಹನಿ ಹನಿ ಇಂಕು ಹಾಕುವ ಪೆನ್ನು. ನಿಬ್ಬಿನ ಕಡೆಯ ಭಾಗವನ್ನು ತಿರುಗಿಸಿ ಬಿಚ್ಚಿದರೆ ಕೊಳವೆ ಖಾಲಿ, ಒಳಗೆ ಏನೂ ಇಲ್ಲ. ನಮ್ಮ ದೇಶದಲ್ಲಿ ಈ ಬಗೆ ಹೆಚ್ಚು ಕಾಲ ಬಾಳಿತು. ಶಾಲೆಯಲ್ಲಿ ಬೆರಳು ನೀಲಿ ಮಾಡಿಕೊಂಡವರಿಗೆಲ್ಲ ಅದು ನೆನಪಿರುತ್ತದೆ.

ಆಮೇಲೆ ಬಂದದ್ದು ಒಳಗೆ ರಬ್ಬರ್ ಚೀಲ ಇರುವ ಪೆನ್ನು. ಚೀಲವನ್ನು ಹಿಂಡಿ ಬಿಟ್ಟರೆ ಅದು ಇಂಕನ್ನು ಹೀರಿಕೊಳ್ಳುತ್ತದೆ. ಹೇಗೆ ಹಿಂಡುವುದು ಎಂಬುದರಲ್ಲೇ ಕಂಪನಿಗಳ ಜಾಣ್ಮೆ. ಓಹಾಯೊದ ಕಾಂಕ್ಲಿನ್ ಕಂಪನಿ ಪೆನ್ನಿನ ಮೈಯಿಂದ ಒಂದು ಅರ್ಧಚಂದ್ರದ ತಗಡು ಹೊರಗೆ ಚಾಚಿರುವಂತೆ ಮಾಡಿತು. ಅದನ್ನು ಒತ್ತಿದರೆ ಚೀಲ ಹಿಂಡುತ್ತದೆ. ಆ ತಗಡಿನಿಂದ ಇನ್ನೊಂದು ಉಪಕಾರವೂ ಇತ್ತು, ಪೆನ್ನು ಮೇಜಿನಿಂದ ಉರುಳಿ ಬೀಳುತ್ತಿರಲಿಲ್ಲ. ಲೇಖಕ ಮಾರ್ಕ್ ಟ್ವೇನ್ ಈ ಪೆನ್ನನ್ನು ಹೊಗಳಿದ್ದು ಆ ಕಾರಣಕ್ಕೂ ಹೌದು. ಅಯೋವಾ ರಾಜ್ಯದ ಫೋರ್ಟ್ ಮ್ಯಾಡಿಸನ್ ಎಂಬ ಊರಿನ ಒಡವೆ ವ್ಯಾಪಾರಿ ವಾಲ್ಟರ್ ಶೀಫರ್, ಮೈಗೆ ಅಂಟಿಕೊಂಡಂತೆ ಮಲಗುವ ಸಣ್ಣ ಸನ್ನೆಕೋಲನ್ನು ರೂಪಿಸಿದ. ಅದರ ಪೇಟೆಂಟು 1908ರದ್ದು. ಉಗುರಿನಿಂದ ಮೀಟಿದರೆ ಎದ್ದು ನಿಲ್ಲುತ್ತದೆ, ಒಳಗೆ ಚೀಲ ಹಿಂಡುತ್ತದೆ. ನಿಮ್ಮ ಪೆನ್ನಿನ ಮೈಯಲ್ಲಿ ಉದ್ದನೆಯ ಸೀಳು, ಅದರೊಳಗೆ ಲೋಹದ ಪಟ್ಟಿ ಇದ್ದರೆ ಅದೇ ಇದು. ಹಳೆಯ ಪೆನ್ನಿನಲ್ಲಿ ಅದನ್ನು ಬಲವಂತವಾಗಿ ಎಬ್ಬಿಸಬೇಡಿ. ಚೀಲ ಕಲ್ಲಾಗಿರುತ್ತದೆ, ಪಟ್ಟಿಯೋ ಕೊಳವೆಯೋ ಮುರಿಯುತ್ತದೆ.

1929ರಲ್ಲಿ ಜರ್ಮನಿಯ ಪೆಲಿಕನ್ ಹಿಂಬದಿಯ ತಿರುಪನ್ನು ತಿರುಗಿಸಿ ಇಂಕು ಎಳೆದುಕೊಳ್ಳುವ ಪಿಸ್ಟನ್ ಪೆನ್ನು ತಂದಿತು. ಅದರಲ್ಲಿ ಚೀಲವೇ ಇಲ್ಲ. 1952ರಲ್ಲಿ ಶೀಫರ್ ಸ್ನಾರ್ಕೆಲ್ ಎಂಬ ಪೆನ್ನು ತಂದಿತು. ಅದರ ನಿಬ್ಬಿನ ಅಡಿಯಿಂದ ಒಂದು ಸಣ್ಣ ಕೊಳವೆ ಹೊರಬಂದು ಬುಡ್ಡಿಯಿಂದ ಇಂಕು ಹೀರುತ್ತದೆ, ನಿಬ್ಬು ಒದ್ದೆಯೇ ಆಗುವುದಿಲ್ಲ.

ಪಾರ್ಕರ್ 51ರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಮ್ಮ ಮನೆಗಳಲ್ಲಿ ಸಿಗುವ ಸಂಭವ ಇರುವ ಪೆನ್ನು ಅದು. ಅದರ ನಿಬ್ಬು ಕಾಣುವುದಿಲ್ಲ. ಮೈಯ ಮುಂಭಾಗ ನಿಬ್ಬಿನ ಮೇಲೆ ಮುಸುಕೆಳೆದಂತೆ ಇಳಿದು, ಚಿನ್ನದ ಒಂದು ತುದಿ ಮಾತ್ರ ಹೊರಗೆ ಇಣುಕುತ್ತದೆ. ಇದಕ್ಕೆ ಕಾರಣ ಉಂಟು. ಬರೆದ ಕೂಡಲೇ ಒಣಗುವ ಇಂಕನ್ನು ಆ ಕಂಪನಿ ತಯಾರಿಸಿತ್ತು. ತೆರೆದ ನಿಬ್ಬಿನ ಮೇಲೆಯೇ ಅದು ಒಣಗಿಬಿಡುತ್ತಿತ್ತು. ಹಾಗಾಗಿ ನಿಬ್ಬನ್ನು ಮುಚ್ಚಿದರು. ಆ ಇಂಕಿನ ಕ್ಷಾರಕ್ಕೆ ಸೆಲ್ಯುಲಾಯ್ಡು ತಡೆಯುತ್ತಿರಲಿಲ್ಲ. ಅದಕ್ಕೆ ಮೈಯನ್ನು ಲುಸೈಟ್ ಎಂಬ ಹೊಸ ಪ್ಲಾಸ್ಟಿಕ್ಕಿನಿಂದ ಮಾಡಿದರು.

ಪಾರ್ಕರ್ 51 ಅಮೆರಿಕದ ಪೇಟೆಗೆ ಬಂದದ್ದು 1941ರಲ್ಲಿ. ಮೊದಲ ಏಳು ವರ್ಷದ ಪೆನ್ನುಗಳಲ್ಲಿ ಬಾಲದ ತುದಿ ಪ್ರತ್ಯೇಕವಾಗಿ ಬಿಚ್ಚಿಕೊಳ್ಳುತ್ತದೆ. ಅದರೊಳಗೆ ಒತ್ತುವ ಗುಂಡಿ ಇರುತ್ತದೆ. 1948ರ ನಂತರದ್ದರಲ್ಲಿ ಬಾಲ ನುಣುಪು, ಜೋಡಣೆಯ ಗೆರೆ ಇಲ್ಲ. ಕೊಳವೆ ಬಿಚ್ಚಿದರೆ ಒಳಗೆ ಬೆಳ್ಳಿಬಣ್ಣದ ಲೋಹದ ಕವಚ, ಅದರ ಸೀಳಿನಲ್ಲಿ ಒತ್ತುವ ಪಟ್ಟಿ. ಹೇಗೆ ತುಂಬಬೇಕು ಎಂಬ ಸೂಚನೆಯನ್ನೂ ಕವಚದ ಮೇಲೆ ಕೊರೆದಿರುತ್ತಾರೆ. ಬೆರಳಿನಿಂದ ಬಾಲವನ್ನು ಸವರಿದರೆ ಸಾಕು, ಯಾವ ಕಾಲದ್ದೆಂದು ಕತ್ತಲಲ್ಲೂ ಹೇಳಬಹುದು.

ಇದರ ಜೊತೆಗೆ ಪಾರ್ಕರ್ ಒಂದು ಗುಟ್ಟಿನ ಗುರುತನ್ನೂ ಒತ್ತುತ್ತಿತ್ತು. ಮೇಡ್ ಇನ್ ಯು.ಎಸ್.ಎ. ಎಂಬ ಅಚ್ಚಿನ ಪಕ್ಕದಲ್ಲಿ ಒಂದು ಪುಟ್ಟ ಅಂಕಿ. ಅದರ ಸುತ್ತ ಸೂಜಿಮೊನೆಯಷ್ಟು ಸಣ್ಣ ಚುಕ್ಕಿಗಳು. ಅಂಕಿ ಎಂದರೆ ಇಸವಿಯ ಕೊನೆಯ ಅಂಕಿ. ಮೂರು ಚುಕ್ಕಿ ಇದ್ದರೆ ವರ್ಷದ ಮೊದಲ ಮೂರು ತಿಂಗಳು. ಪ್ರತಿ ಮೂರು ತಿಂಗಳಿಗೆ ಅಚ್ಚಿನಿಂದ ಒಂದು ಚುಕ್ಕಿಯನ್ನು ತೆಗೆಯುತ್ತಿದ್ದರು. ಕೊನೆಯ ಮೂರು ತಿಂಗಳಿಗೆ ಚುಕ್ಕಿಯೇ ಇಲ್ಲ. ಈಗ ನಿಮ್ಮ ಪಾರ್ಕರ್ 51ರ ಮೇಲೆ ಐದು ಎಂಬ ಅಂಕಿ, ಎರಡು ಚುಕ್ಕಿ ಇವೆ ಎನ್ನಿ. 1935 ಆಗಲಾರದು, ಆಗ ಈ ಪೆನ್ನೇ ಇರಲಿಲ್ಲ. ಬಾಲ ಬಿಚ್ಚಿಕೊಳ್ಳುತ್ತದೆಯೇ? ಹಾಗಾದರೆ 1948ಕ್ಕಿಂತ ಮುಂಚಿನದು. ಎಂದರೆ 1945, ಏಪ್ರಿಲ್‌ನಿಂದ ಜೂನ್ ನಡುವೆ. ಯುರೋಪಿನಲ್ಲಿ ಎರಡನೆಯ ಮಹಾಯುದ್ಧ ಮುಗಿದ ತಿಂಗಳುಗಳು. ಒಂದು ಅಂಕಿ, ಎರಡು ಚುಕ್ಕಿ, ಒಂದು ಬಾಲ, ಇಷ್ಟರಿಂದ ಇಷ್ಟು ತಿಳಿಯಿತು. ಈ ಚುಕ್ಕಿಗಳ ಮೇಲೆ ಪಾಲಿಶ್ ಆಡಿದರೆ ಏನಾಗುತ್ತದೆ, ನೀವೇ ಯೋಚಿಸಿ.

ಅಚ್ಚು, ವಸ್ತು, ಇಂಕು ತುಂಬುವ ಬಗೆ. ಮೂರಾಯಿತು. ನಿಬ್ಬಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. 14 ಕ್ಯಾರಟ್ ಎಂದೋ 585 ಎಂದೋ ಇದ್ದರೆ ಎರಡೂ ಒಂದೇ, ಸಾವಿರದಲ್ಲಿ 585 ಭಾಗ ಚಿನ್ನ. 750 ಎಂದರೆ 18 ಕ್ಯಾರಟ್. ಮಾಂಟ್‌ಬ್ಲಾಂಕ್ ನಿಬ್ಬಿನ ಮೇಲಿನ 4810 ಚಿನ್ನದ ಲೆಕ್ಕವಲ್ಲ, ಆ ಹೆಸರಿನ ಪರ್ವತದ ಎತ್ತರ, ಮೀಟರಿನಲ್ಲಿ. ಆದರೆ ನಿಬ್ಬೊಂದನ್ನೇ ನಂಬಿ ಪೆನ್ನಿನ ಕಾಲ ಹೇಳಬೇಡಿ. ಬಾಗಿದ, ಸವೆದ ನಿಬ್ಬನ್ನು ರಿಪೇರಿಯವರು ಬದಲಿಸುತ್ತಲೇ ಇದ್ದರು. ಎಸ್ಟರ್‌ಬ್ರುಕ್ ಕಂಪನಿಯಂತೂ ಯಾರು ಬೇಕಾದರೂ ಬಿಚ್ಚಿ ಹಾಕಿಕೊಳ್ಳಲಿ ಎಂದೇ ತಿರುಪಿನ ನಿಬ್ಬು ಮಾಡಿತ್ತು, ಒಂದೊಂದು ಬರವಣಿಗೆಗೆ ಒಂದೊಂದು ನಂಬರಿನದು. ಮುಚ್ಚಳವೂ ಅಷ್ಟೇ, ಒಂದರದ್ದು ಇನ್ನೊಂದಕ್ಕೆ ಬಂದಿರುತ್ತದೆ. ಬಾಣದ ಆಕಾರದ ಕ್ಲಿಪ್ಪು ಪಾರ್ಕರಿಗೆ ಬಂದದ್ದು 1930ರ ದಶಕದ ಆರಂಭದಲ್ಲಿ. ಅದಕ್ಕಿಂತ ಹಳೆಯ ಮೈಗೆ ಬಾಣದ ಕ್ಲಿಪ್ಪು ಇದ್ದರೆ ಮುಚ್ಚಳ ಬೇರೆಯದು. ಮುಚ್ಚಿದ ನಿಬ್ಬು, ಬಾಣದ ಹಾಗೆ ಕಾಣುವ ಕ್ಲಿಪ್ಪು ಎರಡೂ ಇದ್ದು, ಚೀನಾದ ಹೀರೋ ಎಂಬ ಹೆಸರಿದ್ದರೆ ಅದು 51ರ ಮಾದರಿ ನೋಡಿ ಶಾಂಘಾಯಿಯಲ್ಲಿ ಮಾಡಿದ್ದು. ಅದನ್ನೂ ಎಸೆಯಬೇಡಿ. ನಮ್ಮಲ್ಲಿ ಎಷ್ಟೋ ಮಕ್ಕಳು ಪರೀಕ್ಷೆ ಬರೆದದ್ದು ಅದರಲ್ಲೇ.

ಪೆನ್ನಿನ ಮೇಲೆ ಇನ್ನೊಂದು ಬಗೆಯ ಬರಹ ಇರುತ್ತದೆ. ಅದು ಕಂಪನಿಯದ್ದಲ್ಲ, ಒಡೆಯನದ್ದು. ಪೆನ್ನಿನ ಮೇಲೆ ಹೆಸರು ಕೆತ್ತಿಸುವ ರೂಢಿ ನಮ್ಮಲ್ಲಿ ಇತ್ತು. ಸೂಜಿಯಂಥ ಉಳಿಯಿಂದ ಹೆಸರು ಕೊರೆದು, ಗೆರೆಗೆ ಬಿಳಿಯ ಅಥವಾ ಚಿನ್ನದ ಬಣ್ಣ ತುಂಬಿ ಕೊಡುತ್ತಿದ್ದರು. ನಿವೃತ್ತಿಗೆ ಕೊಟ್ಟ ಪೆನ್ನಿನ ಮೇಲೆ ತಾರೀಖೂ ಇರುತ್ತದೆ. ಹೆಸರು ಕೆತ್ತಿದ ಪೆನ್ನಿಗೆ ಪೇಟೆಯಲ್ಲಿ ಬೆಲೆ ಕಡಿಮೆ. ಕೆಲವರು ಅದನ್ನು ತೀಡಿ ಅಳಿಸಿಯೂ ಮಾರುತ್ತಾರೆ. ನಾನು ಇದನ್ನು ಬಲವಾಗಿ ವಿರೋಧಿಸುತ್ತೇನೆ. ಕಂಪನಿಯ ಅಚ್ಚು ಲಕ್ಷ ಪೆನ್ನುಗಳ ಮೇಲೆ ಇರುತ್ತದೆ. ಆ ಹೆಸರು, ಆ ತಾರೀಖು ಇರುವುದು ಆ ಒಂದು ಪೆನ್ನಿನ ಮೇಲೆ ಮಾತ್ರ. ಮನೆಯ ಪೆನ್ನಾದರೆ ಅದನ್ನು ಮುಟ್ಟಲೇಬೇಡಿ.

ಇಷ್ಟು ಹೊತ್ತು ಪೆನ್ನಿನ ಮಾತಾಯಿತು. ಅದರ ಜೊತೆಗಾರ ಪೆನ್ಸಿಲನ್ನು ಮರೆಯಬಾರದು. ಸೀಸದ ಕಡ್ಡಿಯನ್ನು ತಿರುಗಿಸಿಯೋ ಒತ್ತಿಯೋ ಮುಂದೆ ತರುವ ಪೆನ್ಸಿಲ್. ಶಾಲೆಯ ಮಕ್ಕಳು ಪೆನ್-ಪೆನ್ಸಿಲ್ ಎನ್ನುತ್ತಾರಲ್ಲ, ಅದು. ಇದು ವಾಟರ್‌ಮನ್ನನ ಫೌಂಟನ್ ಪೆನ್ನಿಗಿಂತ ಹಿರಿಯ. 1822ರಲ್ಲಿ ಲಂಡನ್ನಿನ ಸ್ಯಾಂಪ್ಸನ್ ಮೋರ್ಡನ್ ಮತ್ತು ಜಾನ್ ಐಸಾಕ್ ಹಾಕಿನ್ಸ್ ಇದರ ಪೇಟೆಂಟ್ ಪಡೆದರು. ಹಾಕಿನ್ಸನ ಪಾಲನ್ನು ಮೋರ್ಡನ್ ಕೊಂಡುಕೊಂಡ. ಅವನ ಬೆಳ್ಳಿಯ ಪೆನ್ಸಿಲುಗಳನ್ನು ಓದುವುದು ಪೆನ್ನು ಓದುವುದಕ್ಕಿಂತ ಸುಲಭ, ಏಕೆಂದರೆ ಇಂಗ್ಲೆಂಡಿನಲ್ಲಿ ಬೆಳ್ಳಿಗೆ ಮುದ್ರೆ ಒತ್ತುವ ಕಾನೂನಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಒಂದು ಕಾಲೆತ್ತಿ ನಡೆಯುವ ಸಿಂಹ ಕಾಣುತ್ತದೆ, ಅದು ನಿಗದಿತ ಶುದ್ಧತೆಯ ಬೆಳ್ಳಿಯ ಗುರುತು. ಚಿರತೆಯ ಮುಖ ಇದ್ದರೆ ಲಂಡನ್ನಿನಲ್ಲಿ, ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷಿಸಿದ್ದು. ಪಕ್ಕದ ಒಂಟಿ ಅಕ್ಷರ ವರ್ಷವನ್ನು ಹೇಳುತ್ತದೆ. ರಾಜನದೋ ರಾಣಿಯದೋ ತಲೆ ಇದ್ದರೆ 1890ಕ್ಕಿಂತ ಈಚಿನದಲ್ಲ, ಏಕೆಂದರೆ ತೆರಿಗೆಯ ಆ ಮುದ್ರೆ ಆ ವರ್ಷ ನಿಂತಿತು. ಆದರೆ ಪೆನ್ಸಿಲಿನಂಥ ಸಣ್ಣ ವಸ್ತುವಿನ ಮೇಲೆ ಎಲ್ಲ ಮುದ್ರೆಯೂ ಇರಲೇಬೇಕೆಂದಿಲ್ಲ. ಆಗ ತಯಾರಕನ ಹೆಸರಿನ ಅಕ್ಷರಗಳೇ ಗತಿ.

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಈ ಪೆನ್ಸಿಲು ಸಿರಿವಂತರ ಗಡಿಯಾರದ ಸರಪಳಿಯಿಂದ ಸಾಮಾನ್ಯರ ಜೇಬಿಗೆ ಬಂತು. ಅಮೆರಿಕದಲ್ಲಿ ಚಾರ್ಲ್ಸ್ ಕೀರನ್ ರೂಪಿಸಿದ ಎವರ್‌ಶಾರ್ಪ್, ಚಿಕಾಗೋದ ವಾಲ್ ಕಂಪನಿಯ ಕೈಗೆ ಹೋಗಿ ಲಕ್ಷಗಟ್ಟಲೆ ಮಾರಾಟವಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1915ರಲ್ಲಿ, ಟೋಕಿಯೋದಲ್ಲಿ ತೊಕುಜಿ ಹಯಕಾವಾ ಎಂಬ ಲೋಹದ ಕೆಲಸಗಾರ ಇಂಥದೇ ಪೆನ್ಸಿಲ್ ಮಾಡಿದರು. 1923ರ ಭೂಕಂಪ ಅವರ ಕಾರ್ಖಾನೆಯನ್ನೂ ಹೆಂಡತಿ ಮಕ್ಕಳನ್ನೂ ಕಿತ್ತುಕೊಂಡಿತು. ಸಾಲಕ್ಕಾಗಿ ಪೆನ್ಸಿಲಿನ ಹಕ್ಕುಗಳನ್ನೂ ಬಿಟ್ಟುಕೊಡಬೇಕಾಯಿತು. ಅವರು ಒಸಾಕಾಗೆ ಹೋಗಿ, 1925ರಲ್ಲಿ ಜಪಾನಿನಲ್ಲೇ ತಯಾರಾದ ಮೊದಲ ಕ್ರಿಸ್ಟಲ್ ರೇಡಿಯೊ ಕಟ್ಟಿದರು. ಅವರ ಪೆನ್ಸಿಲಿನ ಹೆಸರಿನಿಂದ ಬಂದದ್ದೇ ಇವತ್ತಿನ ಶಾರ್ಪ್ ಕಂಪನಿಯ ಹೆಸರು. ಬಾನುಲಿಯಲ್ಲಿ ಪೆನ್ಸಿಲಿನ ಮಾತಾಡುವಾಗ ಅವರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

ಹಳೆಯ ಪೆನ್ಸಿಲು ಕೆಟ್ಟಿದೆ ಎಂದು ಜನ ಬಿಸಾಡುವುದು ಬಹಳ. ಹೆಚ್ಚಿನವು ಕೆಟ್ಟಿರುವುದಿಲ್ಲ. ತಪ್ಪು ಕಡ್ಡಿ ಹಾಕಿರುತ್ತಾರೆ, ಅಷ್ಟೇ. ಈಗಿನ ಕಡ್ಡಿ ಅರ್ಧ ಮಿಲಿಮೀಟರ್ ದಪ್ಪ. ಎವರ್‌ಶಾರ್ಪ್ ಕಾಲದ ಕಡ್ಡಿ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, 1.18. ಆಮೇಲೆ ಬಂದದ್ದು ಸುಮಾರು 0.9. ಈ ದಪ್ಪವೇ ಕಾಲದ ಗುರುತೂ ಹೌದು. ಮೂತಿಯಲ್ಲಿ ತುಂಡು ಸಿಕ್ಕಿಕೊಂಡಿದ್ದರೆ ತೆಳು ತಂತಿಯಿಂದ ಮೆಲ್ಲಗೆ ಹೊರದೂಡಿ. ತಿರುಪನ್ನು ಜಗ್ಗಬೇಡಿ. ಹಿಂಬದಿಯ ಟೊಪ್ಪಿಗೆ ತೆಗೆದು ನೋಡಿ, ಹಳೆಯ ಒಡೆಯ ಇಟ್ಟುಕೊಂಡಿದ್ದ ಕಡ್ಡಿಗಳು ಅಲ್ಲೇ ಇರಬಹುದು. ಹೊಸದಾಗಿ ಸಂಗ್ರಹಕ್ಕೆ ಕೈಹಾಕುವವರಿಗೆ ನನ್ನ ಸಲಹೆ, ಪೆನ್ಸಿಲಿನಿಂದಲೇ ಶುರು ಮಾಡಿ. ಪೆನ್ನು, ಪೆನ್ಸಿಲು ಜೋಡಿಯಾಗಿ ಮಾರಾಟವಾಗುತ್ತಿದ್ದವು, ಒಂದೇ ಬಣ್ಣ, ಒಂದೇ ಗೆರೆ. ಪೆನ್ನಿಗೆ ಕೈತುಂಬ ಹಣ ಕೇಳುವ ಕಡೆ ಅದರ ಜೋಡಿ ಪೆನ್ಸಿಲಿಗೆ ಕೇಳುವವರಿಲ್ಲ. ಬೆಂಗಳೂರಿನ ಚಿಕ್ಕಪೇಟೆ ಕಡೆಯ ಭಾನುವಾರದ ಬಜಾರಿನಲ್ಲಿ ಹಳೆಯ ಸಾಮಾನಿನ ರಾಶಿ ನೋಡುವಾಗ ಪೆನ್ಸಿಲಿನ ಮೇಲೂ ಒಂದು ಕಣ್ಣಿರಲಿ.

ಓದುವುದು ಮುಗಿಯಿತು, ಬರೆದಿಟ್ಟದ್ದೂ ಆಯಿತು ಎಂದಿಟ್ಟುಕೊಳ್ಳಿ. ಈಗ ತೊಳೆಯಬಹುದು. ತಣ್ಣೀರು ಮಾತ್ರ. ನಿಬ್ಬಿನ ಭಾಗ ಮಾತ್ರ ಮುಳುಗಲಿ, ಎಬೊನೈಟು ಅಥವಾ ಕೇಸೀನಿನ ಮೈ ಮುಳುಗಬಾರದು. ಸ್ಪಿರಿಟ್, ಥಿನ್ನರ್ ಹತ್ತಿರಕ್ಕೂ ತರಬೇಡಿ, ಸೆಲ್ಯುಲಾಯ್ಡು ಕರಗುತ್ತದೆ. ರಬ್ಬರ್ ಚೀಲ ಬದಲಿಸುವವರು ಅದನ್ನು ಅರಗಿನಿಂದ ಮಾಡಿದ ಷೆಲಾಕಿನಲ್ಲಿ ಅಂಟಿಸುತ್ತಾರೆಯೇ ಎಂದು ಕೇಳಿ. ಷೆಲಾಕು ಮುಂದೊಂದು ದಿನ ಸ್ವಲ್ಪ ಶಾಖಕ್ಕೆ ಬಿಟ್ಟುಕೊಡುತ್ತದೆ. ಕ್ಷಣದಲ್ಲಿ ಹಿಡಿಯುವ ಅಂಟು ಬಿಡುವುದಿಲ್ಲ, ಮುಂದಿನ ರಿಪೇರಿಯಲ್ಲಿ ಪೆನ್ನೇ ಒಡೆಯುತ್ತದೆ. ತೆಗೆದ ಹಳೆಯ ಭಾಗಗಳನ್ನು ವಾಪಸು ಇಸಿದುಕೊಳ್ಳಿ. ಏನನ್ನು, ಯಾವಾಗ ಬದಲಿಸಿದರು ಎಂಬುದನ್ನು ನಿಮ್ಮ ಟಿಪ್ಪಣಿಯ ಕೆಳಗೆ ಸೇರಿಸಿ, ಆ ಚೀಟಿಯನ್ನು ಪೆನ್ನಿನ ಜೊತೆಯಲ್ಲೇ ಇಡಿ.